ತಲೆಯೊಳಗಿನ ನೀರುಗಂಟಿ

ಆಗ ನನಗೆ ಹದಿನೆಂಟು. ಈಗ ಎಂಬತ್ತು ತುಂಬಿದೆ. ಅರವತ್ತೆರಡು ವರ್ಷದ ಹಿಂದಿನ ಮಾತು ಇದು. ಆ ವರ್ಷ ನನಗೆ ಬಾಯಾರಿಕೆ ಹಿಡಿಯಿತು.

ಬಾಯಾರಿಕೆ ಎಲ್ಲರಿಗೂ ಆಗುತ್ತದೆ, ಅದರಲ್ಲಿ ಬರೆಯುವುದೇನಿದೆ ಅನ್ನಬೇಡಿ. ನನಗೆ ಬಂದದ್ದು ಬೇರೆ ಥರದ್ದು. ಚೊಂಬು ಎತ್ತಿ ಕುಡಿದು ಕೆಳಗಿಡುವಷ್ಟರಲ್ಲಿ ನಾಲಿಗೆ ಮತ್ತೆ ಒಣಗಿದ ಚಕ್ಕೆಯಂತಾಗುತ್ತಿತ್ತು. ಕುಡಿದಷ್ಟೂ ಉಚ್ಚೆ. ಹಿತ್ತಲಿಗೆ ಹೋಗಿ ಬಂದು ಕೂತರೆ ಮತ್ತೆ ಬಾಯಾರಿಕೆ. ಹೊಲಕ್ಕೆ ಕಳೆ ಕೀಳಲು ಹೋದರೆ ಎಲ್ಲರೂ ಬುತ್ತಿ ಹೊತ್ತು ಹೋಗುತ್ತಿದ್ದರು, ನಾನು ಬಿಂದಿಗೆ ಹೊತ್ತು ಹೋಗುತ್ತಿದ್ದೆ. ಸಾಲಿನಲ್ಲಿ ಕೂತ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. "ಏನಮ್ಮಿ, ಕಳೆ ಕೀಳಕ್ಕೆ ಬಂದ್ಯೋ, ರಾಗಿಗೆ ನೀರ್ ಹಾಯ್ಸಕ್ಕೆ ಬಂದ್ಯೋ?" ಅನ್ನುತ್ತಿದ್ದರು. ಮಳೆ ಬಂದು ಹೋಗಿತ್ತು, ಹೊಲ ಹಸಿ ಇತ್ತು, ನನ್ನ ಬಾಯಿ ಮಾತ್ರ ಒಣಗಿತ್ತು.

ನನ್ನ ತವರು ಅರಕಲಗೂಡು ತಾಲ್ಲೂಕಿನಲ್ಲಿ, ಕೊಣನೂರಿನ ಪಕ್ಕ. ಕೊಟ್ಟದ್ದು ಹಾಸನದ ಆಚೆ, ದುದ್ದದ ಹತ್ತಿರದ ಒಂದು ಹಳ್ಳಿಗೆ. ಮದುವೆಯಾಗಿ ಆಗಿನ್ನೂ ನಾಲ್ಕು ತಿಂಗಳು. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು ಮತ್ತು ದನಗಳು. ಅತ್ತೆಗೆ ಗಂಡ ಇರಲಿಲ್ಲ, ಆದ್ದರಿಂದ ಮನೆಯ ಯಜಮಾನಿಕೆಯೂ ಅವರದೇ, ನಶ್ಯದ ಡಬ್ಬಿಯೂ ಅವರದೇ. ಮೂಗಿಗೆ ಏರಿಸಿ, ಸೀನಿ, ಸೆರಗಿನಲ್ಲಿ ಒರೆಸಿಕೊಂಡ ಮೇಲೆಯೇ ಅವರು ಯಾವ ತೀರ್ಮಾನವನ್ನೂ ಹೇಳುತ್ತಿದ್ದದ್ದು.

ನನ್ನ ವಿಷಯದಲ್ಲಿ ಅವರು ಸುಮ್ಮನೆ ತೀರ್ಮಾನ ಹೇಳಲಿಲ್ಲ. ಮೊದಲು ಪರೀಕ್ಷೆ ಮಾಡಿದರು. ನಮ್ಮ ಕಡೆ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ನೋಡಲು ಇರುವೆಯನ್ನು ಕೇಳುತ್ತಿದ್ದರು. ಉಚ್ಚೆ ಹುಯ್ದ ಜಾಗಕ್ಕೆ ಇರುವೆ ಮುತ್ತಿದರೆ ಕಾಯಿಲೆ, ಮುತ್ತದಿದ್ದರೆ ಇಲ್ಲ. ಹಿತ್ತಲಿನಲ್ಲಿ ಒಂದು ಕಟ್ಟಿರುವೆ ಗೂಡಿತ್ತು. ಅದರ ಪಕ್ಕಕ್ಕೇ ನನ್ನನ್ನು ಕೂರಿಸಿದರು. ಆಮೇಲೆ ಮಣೆ ಹಾಕಿಕೊಂಡು ತಾವೂ ಕಾದು ಕೂತರು. ಇರುವೆಗಳು ಬಂದವು, ಮೂಸಿದವು, ಸುತ್ತಿಕೊಂಡು ಹೋದವು.

ಅತ್ತೆ ನಶ್ಯ ಏರಿಸಿದರು. "ಒಂದಿರುವೆನೂ ಬಾಯಿಕ್ಕಲಿಲ್ಲ. ನಿಂಗೆ ಯಾವ ಕಾಯ್ಲೇನೂ ಇಲ್ಲ ಕಣ. ಇದು ಕೊಬ್ಬು."

"ಅತ್ತೆ, ಬೇಕಂತ ಕುಡೀತಿಲ್ಲ, ಬಾಯಿ ಒಣಗ್ತದೆ."

"ಒಣಗದೆ ಏನು? ಕೆಲ್ಸ ತಪ್ಪಿಸ್ಕೊಂಡು ಹಿತ್ಲಿಗೆ ಓಗಿ ಕೂರಕ್ಕೆ ದಾರಿ ಮಾಡ್ಕೊಂಡಿದೀಯ. ನಾನೂ ಸೊಸೆಯಾಗಿದ್ದೋಳೇ."

ಅವತ್ತೇ ನನ್ನ ಅಪ್ಪನಿಗೆ ಹೇಳಿಕಳಿಸಿದರು. ಹುಣ್ಣಿಮೆ ಕಳೆದ ಮಾರನೇ ದಿನ ಬಂದು ಮಗಳನ್ನು ಕರೆದುಕೊಂಡು ಹೋಗಿ, ನಮ್ಮ ಬಾವಿ ಸಾಲದು ನಿಮ್ಮ ಮಗಳಿಗೆ, ಅಂತ. ಕರೆದುಕೊಂಡು ಹೋಗಿ ಅಂದರೆ ನಾಲ್ಕು ದಿನ ಇಟ್ಟುಕೊಂಡು ಕಳಿಸಿ ಅಂತಲ್ಲ. ಅದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ನನ್ನ ಹಿಂದೆ ತವರಿನಲ್ಲಿ ಮೂವರು ತಂಗಿಯರಿದ್ದರು. ನೀರು ಕುಡಿದು ಗಂಡನ ಮನೆ ಕಳೆದುಕೊಂಡವಳ ತಂಗಿಯರನ್ನು ಯಾರು ತರುತ್ತಾರೆ? ಗಂಡನ ಮೇಲೆ ಆಗಲೇ ಪ್ರಾಣ ಇಟ್ಟುಕೊಂಡಿದ್ದೆ ಅಂತೆಲ್ಲ ಬರೆಯುವುದಿಲ್ಲ, ಅದು ಸುಳ್ಳು. ಆದರೆ ಆ ಮನೆಯಲ್ಲಿ ಮುದ್ದೆಯನ್ನು ಕೇಳಿದಷ್ಟು ಇಕ್ಕುತ್ತಿದ್ದರು, ನನ್ನದೇ ಆದ ಒಂದು ಎಮ್ಮೆಯೂ ಇತ್ತು. ನನಗೆ ಅಲ್ಲಿಂದ ಹೋಗಲು ಇಷ್ಟವಿರಲಿಲ್ಲ.

ನನ್ನ ಗಂಡ ತಾಯಿಗೆ ಎದುರು ಮಾತಾಡುವವರಲ್ಲ. ಆದರೆ ಈ ಸಲ ಕಂಬ ಹಿಡಿದುಕೊಂಡು ನಿಂತು ಹೇಳಿದರು. "ಅವ್ವ, ಕಳ್ಸೋದಾದ್ರೆ ಕಳ್ಸನ. ಒಂದ್ಸಲ ಆಸನದ ಡಾಕ್ಟ್ರಿಗೆ ತೋರ್ಸ್ಬುಟ್ಟು ಕಳ್ಸನ."

"ಯಾಕ್ಲಾ? ಇರುವೆ ಹೇಳಿದ್ದು ಸಾಲ್ದಾ?"

"ಸಾಲ್ದು" ಅಂದರು ಗಂಡ, ನೆಲ ನೋಡಿಕೊಂಡು.

ಹಾಗಾಗಿ ಮೂವರೂ ಹಾಸನಕ್ಕೆ ಹೋದೆವು. ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಬಿಂದಿಗೆ. ನಾನು ಎರಡು ಸಲ ಬಸ್ಸು ನಿಲ್ಲಿಸಿದೆ. ಎರಡನೇ ಸಲ ಕಂಡಕ್ಟರು ಅತ್ತೆಯನ್ನು ಕೇಳಿದ. "ಏನವ್ವ, ಪ್ರತಿ ಮರಕ್ಕೂ ನಿಲ್ಲಿಸ್ಬೇಕಾ?"

"ಮರ ಕಂಡಾಗ ನಿಲ್ಸು, ಬಯಲಾದ್ರೆ ಬ್ಯಾಡ" ಅಂದರು ಅತ್ತೆ.

ಡಾಕ್ಟರು ಹೊಳೆನರಸೀಪುರದ ಕಡೆಯವರು, ವಯಸ್ಸಾದವರು, ಗದ್ದೆ ಕಾಲುವೆ ನೋಡಿ ಬೆಳೆದವರು. ನನ್ನ ಮಾತನ್ನೆಲ್ಲ ಕೇಳಿ ಒಂದು ಗಾಜಿನ ಲೋಟ ಕೊಟ್ಟು ಉಚ್ಚೆ ಹಿಡಿದು ತಾ ಅಂದರು. ತಂದುಕೊಟ್ಟೆ. ಅದರಲ್ಲಿ ಒಂದು ಗಾಜಿನ ಬುರುಡೆ ಬಿಟ್ಟರು. ಮೇಲೆ ಕಡ್ಡಿ, ಕಡ್ಡಿಯ ಮೇಲೆ ಗೀಟು. ಅದನ್ನು ನೋಡಿದ್ದೇ ಅತ್ತೆ ಎದ್ದು ನಿಂತುಬಿಟ್ಟರು. ನಾವು ಹಾಲು ಹಾಕುತ್ತಿದ್ದ ಹೋಟೆಲಿನವನು ದಿನಾ ಬೆಳಗ್ಗೆ ಅಂಥದೇ ಬುರುಡೆಯನ್ನು ನಮ್ಮ ಹಾಲಿನೊಳಕ್ಕೆ ಬಿಟ್ಟು, ನೀರೆಷ್ಟು ಬೆರೆತಿದೆ ನೋಡಿ ಮುಖ ಸಿಂಡರಿಸುತ್ತಿದ್ದ. ಅತ್ತೆಗೂ ಆ ಬುರುಡೆಗೂ ಹಳೇ ಜಗಳ.

"ನಾನೇನೂ ಬೆರ್ಸಿಲ್ಲ ಸಾ!" ಅಂದರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ಬುರುಡೆ ನೋಡಿ, "ಇದು ಬರೀ ನೀರಿನ ಹಾಗಿದೆಯಲ್ಲಮ್ಮ" ಅಂದರು.

"ಇವ್ಳೇ ಬೆರ್ಸಿರ್ಬೇಕು ಸಾ, ನಾನಲ್ಲ."

ಗಂಡ ಬೇರೆ ಕಡೆ ತಿರುಗಿಕೊಂಡು ನಕ್ಕರು. ನನಗೂ ನಗು ಬಂತು, ಆದರೆ ನಕ್ಕರೆ ಉಚ್ಚೆ ತಡೆಯುವುದು ಕಷ್ಟ, ಸೆರಗನ್ನು ಬಾಯಿಗೆ ತುರುಕಿಕೊಂಡೆ.

ಅತ್ತೆ ಇರುವೆಯ ವಿಷಯ ಹೇಳಿದರು. ಡಾಕ್ಟರು ಬೈಯಲಿಲ್ಲ. "ಇರುವೆ ಸರಿಯಾಗೇ ಹೇಳಿದೆ. ಸಕ್ಕರೆ ಇಲ್ಲ. ಸಕ್ಕರೆ ಇಲ್ಲದೆಯೂ ಹೀಗೆ ಆಗೋ ಇನ್ನೊಂದು ಕಾಯಿಲೆ ಇದೆ" ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಇದು ಶುರುವಾಗೋ ಮೊದಲು ತಲೆಗೆ ಏನಾದರೂ ಏಟು ಬಿದ್ದಿತ್ತಾ?"

ನಾನು ಗಂಡನ ಮುಖ ನೋಡಿದೆ. ಗಂಡ ಸೂರು ನೋಡಿದರು. ಅತ್ತೆ ಇಬ್ಬರನ್ನೂ ನೋಡಿದರು.

ಆದದ್ದು ಇಷ್ಟು. ಮದುವೆಯಾದ ಎರಡನೇ ತಿಂಗಳು ತವರಿಗೆ ಹೋಗಿ ಗಾಡಿಯಲ್ಲಿ ವಾಪಸು ಬರುತ್ತಿದ್ದೆವು. ಅರಕಲಗೂಡು ದಾಟಿದ ಮೇಲೆ ಒಂದು ತೆಂಗಿನಕಾಯಿ ಗಾಡಿ ನಮ್ಮನ್ನು ಹಿಂದೆ ಹಾಕಿತು. ಅದರವನು ನಮ್ಮ ಎತ್ತುಗಳನ್ನು ನೋಡಿ ಏನೋ ಅಂದ. ನನ್ನ ಗಂಡ ಬಾಲ ತಿರುಚಿದರು. ಗಾಡಿ ಗೆದ್ದಿತು, ನಾನು ಬಿದ್ದೆ. ತಲೆ ಮೈಲಿಗಲ್ಲಿಗೆ ಹೊಡೆಯಿತು. ಸ್ವಲ್ಪ ಹೊತ್ತು ಎಚ್ಚರ ಇರಲಿಲ್ಲವಂತೆ. ಎದ್ದ ಮೇಲೆ ಗಂಡ ಕೈ ಹಿಡಿದುಕೊಂಡು ಅವ್ವನಿಗೆ ಹೇಳಬೇಡ ಅಂದರು, ನಾನು ಹೇಳಲಿಲ್ಲ. ಬಾಯಾರಿಕೆ ಶುರುವಾದದ್ದು ಆ ವಾರವೇ. ಗಾಡಿಗೂ ಬಾಯಿಗೂ ಸಂಬಂಧ ಇದೆ ಅಂತ ಯಾರಿಗೆ ಹೊಳೆಯಬೇಕು?

ಗಂಡ ಎಲ್ಲವನ್ನೂ ಡಾಕ್ಟರಿಗೆ ಹೇಳಿದರು. ಅತ್ತೆ ಕೈಲಿದ್ದ ನಶ್ಯದ ಡಬ್ಬಿಯಿಂದಲೇ ಮಗನ ತಲೆಗೆ ಕುಟ್ಟಿದರು. "ಎತ್ತಿನ ಬಾಲ ತಿರುಚ್ದೋನೇ! ಸೊಸೆನ ಕರ್ಕೊಂಬಾ ಅಂದ್ರೆ ಪಂದ್ಯ ಕಟ್ದೇನ್ಲಾ?"

"ತಲೆಗೆ ಹೊಡೀಬೇಡಿ, ಇನ್ನೊಬ್ಬರು ಇದೇ ಕಾಯಿಲೆ ತಂದುಕೊಂಡಾರು" ಅಂದರು ಡಾಕ್ಟರು.

ಆಮೇಲೆ ಅವರು ತಲೆಯ ಒಳಗಿನದನ್ನು ವಿವರಿಸಿ ಹೇಳಿದರು. ನನಗಲ್ಲ, ಅತ್ತೆಗೆ. ಯಾರಿಗೆ ತಿಳಿಯಬೇಕಾಗಿತ್ತೋ ಅವರಿಗೇ ಹೇಳಿದರು.

"ಕುರಿ ತಲೆ ಒಡೆದಿದ್ದೀರಾ?"

"ಹಬ್ಬ ಬಂದ್ರೆ ನಾನೇ ಸಾ ಒಡ್ಯೋದು."

"ಮಿದುಳನ್ನ ಮೇಲಕ್ಕೆ ಎತ್ತುವಾಗ ಅಡಿಯಲ್ಲಿ ಒಂದು ಕಾಳು ಮೂಳೆಯ ಗುಂಡಿಯಲ್ಲೇ ಉಳಿದುಬಿಡುತ್ತಲ್ಲ?"

"ತೊಗರಿಕಾಳಿನಂಗೆ? ಉಳೀತದೆ. ದಾರದಂಗೆ ಒಂದು ತೊಟ್ಟಿರ್ತದೆ, ಎಳದ್ರೆ ಕಿತ್ಕೊಂಬುಡ್ತದೆ. ನಾವದನ್ನ ಬಿಸಾಕ್ತೀವಿ."

"ಆ ತೊಟ್ಟು ಮೇಲೆ ಎಲ್ಲಿಗೆ ಸೇರಿರುತ್ತೋ ಅದೇ ಜಾಗ" ಅಂದರು ಡಾಕ್ಟರು. ಮೇಜಿನ ಮೇಲೆ ಬೆರಳಿನಿಂದಲೇ ಬರೆದು ತೋರಿಸಿದರು. ಮಿದುಳಿನ ಎರಡು ಹೋಳು ಮೇಲಿನಿಂದ ಕವುಚಿಕೊಂಡಿರುತ್ತವೆ, ಅವುಗಳ ನಟ್ಟನಡುವೆ, ಆಳದಲ್ಲಿ, ತೊಟ್ಟಿಮನೆಯ ಥರ ಒಂದು ಭಾಗ ಇದೆ. ನಡುವೆ ಸಣ್ಣ ಸೀಳು, ಅದರಲ್ಲಿ ತಿಳಿನೀರು. ಅದು ತೊಟ್ಟಿ. ಅದರ ಎರಡು ಪಕ್ಕಕ್ಕೆ ಎರಡು ಜಗಲಿಯ ಹಾಗೆ, ಮೊಟ್ಟೆಯ ಆಕಾರದ ಎರಡು ಗಡ್ಡೆ. ಹಿಂದುಗಡೆ ಜೋಳದ ಕಾಳಿನಷ್ಟು ಇನ್ನೊಂದು, ಅದು ಹಗಲು ರಾತ್ರಿಯ ಲೆಕ್ಕ ಇಟ್ಟುಕೊಂಡು ನಿದ್ದೆಗೆ ಹೊತ್ತಾಯಿತು ಅಂತ ಹೇಳುವುದು. ಇಂಗ್ಲಿಷಿನಲ್ಲಿ ಇಡೀ ಭಾಗಕ್ಕೆ ಡೈಯನ್‌ಸೆಫಲಾನ್ ಅನ್ನುತ್ತಾರೆ ಅಂದರು. ಅತ್ತೆ ಅದನ್ನು ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡರು.

"ಆ ಮೊಟ್ಟೆಗಳದ್ದು ಏನ್ ಕೆಲ್ಸ ಸಾ?"

"ನಿಮ್ಮ ತವರು ಯಾವ ಕಡೆ?"

"ಹಿರೀಸಾವೆ ಪಕ್ಕ."

"ಹಾಗಾದರೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡು ಗೊತ್ತಲ್ಲ. ಇಲ್ಲಿಂದ ನಿಮ್ಮ ತವರಿಗೆ ಹೋಗಬೇಕಾದರೆ ಅಲ್ಲಿ ಇಳಿದು ಬೇರೆ ಬಸ್ ಹತ್ತಬೇಕು. ಹಾಗೇ ಕಣ್ಣಿಂದ, ಕಿವಿಯಿಂದ, ನಾಲಿಗೆಯಿಂದ, ಚರ್ಮದಿಂದ ಬರೋ ಸುದ್ದಿ ಎಲ್ಲ ಆ ಗಡ್ಡೆಗಳಲ್ಲಿ ಇಳಿದು ಬೇರೆ ಬಸ್ ಹತ್ತಿಯೇ ಮಿದುಳಿನ ಮೇಲ್ಭಾಗಕ್ಕೆ ಹೋಗೋದು. ಮೂಗಿನದು ಒಂದು ಮಾತ್ರ ಅಲ್ಲಿ ಇಳಿಯೋಲ್ಲ, ನೇರ ಹೋಗುತ್ತೆ."

ಅತ್ತೆಯ ಮುಖ ಅರಳಿತು. "ಅದ್ಕೇ ಮತ್ತೆ ಸಾ, ನಶ್ಯ ಏರ್ಸಿದ ತಕ್ಷಣ ತಲೆಗೆ ಓಗೋದು!"

ಡಾಕ್ಟರು ನಕ್ಕು ಮುಂದಕ್ಕೆ ಹೇಳಿದರು. ಆ ಗಡ್ಡೆಗಳ ಅಡಿಯಲ್ಲಿ, ತೊಟ್ಟಿನ ಬುಡದಲ್ಲಿ, ಹುಣಸೇಬೀಜಕ್ಕಿಂತ ಸ್ವಲ್ಪ ದೊಡ್ಡ ಜಾಗ. ಅಲ್ಲಿ ಒಬ್ಬ ನೀರುಗಂಟಿ ಇದ್ದಾನೆ ಅಂದುಕೊಳ್ಳಿ ಅಂದರು. ನಮ್ಮ ಕಡೆ ಕೆರೆಗೆ ಒಬ್ಬ ನೀರುಗಂಟಿ ಇರುತ್ತಿದ್ದ. ಕೆರೆಯಲ್ಲಿ ನೀರೆಷ್ಟಿದೆ ನೋಡಿ ತೂಬು ಎತ್ತುವುದು, ಇಳಿಸುವುದು ಅವನ ಕೆಲಸ. ತಲೆಯ ನೀರುಗಂಟಿ ರಕ್ತದ ಉಪ್ಪು ನೋಡುತ್ತಾನೆ. ಉಪ್ಪು ಹೆಚ್ಚಾಯಿತು ಅಂದರೆ ನೀರು ಕಡಿಮೆಯಾಯಿತು ಅಂತ. ಆಗ ಎರಡು ಕಡೆಗೆ ಹೇಳಿಕಳಿಸುತ್ತಾನೆ. ಬಾಯಿಗೆ, ನೀರು ಕುಡಿ ಅಂತ. ಮೂತ್ರಪಿಂಡಕ್ಕೆ, ತೂಬು ಮುಚ್ಚು ಅಂತ. ತೂಬು ಮುಚ್ಚು ಅನ್ನುವ ಸುದ್ದಿ ಒಂದು ರಸ. ಆ ರಸ ತೊಟ್ಟಿನಲ್ಲಿ ಇಳಿದು, ಕಾಳಿನಲ್ಲಿ ನಿಂತು, ಅಲ್ಲಿಂದ ರಕ್ತಕ್ಕೆ ಸೇರಬೇಕು. ನಾನು ಬಿದ್ದ ಏಟಿಗೆ ಆ ದಾರದಂಥ ತೊಟ್ಟಿಗೆ ಪೆಟ್ಟಾಗಿದೆ. ಕುಡಿ ಅನ್ನುವ ಮಾತು ಬರುತ್ತಿದೆ, ಮುಚ್ಚು ಅನ್ನುವ ಮಾತು ತಲುಪುತ್ತಿಲ್ಲ.

"ಹಸಿವು, ಮೈಶಾಖ, ಬೆವರು, ಚಳಿಗೆ ನಡುಗೋದು, ಎಲ್ಲ ಅದೇ ಜಾಗದವನ ಕೈಲಿ" ಅಂದರು.

"ಅಷ್ಟೂ ಒಬ್ನೇ ಮಾಡ್ತಾನಾ ಸಾ? ನಮ್ಮೂರೋನು ಒಂದ್ ತೂಬು ಎತ್ತಕ್ಕೆ ಬೆಳಗಿಂದ ಬೈಗು ಮಾಡ್ತಾನೆ."

ಇಷ್ಟೆಲ್ಲ ಕೇಳಿದರೂ ಅತ್ತೆ ಒಪ್ಪಿದರು ಅಂದುಕೊಳ್ಳಬೇಡಿ. ಕೇಳುವುದೇ ಬೇರೆ, ಒಪ್ಪುವುದೇ ಬೇರೆ. ಮದ್ದು ಮೈಸೂರಿನಿಂದ ಬರಬೇಕು ಅಂತ ಡಾಕ್ಟರು ನನ್ನನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಗಂಡ ದನ ನೋಡಲು ಊರಿಗೆ ಹೋದರು, ಅತ್ತೆ ನನ್ನ ಜೊತೆ ಉಳಿದರು. ಮದ್ದು ಬಂದ ದಿನ ಡಾಕ್ಟರು ಪರೀಕ್ಷೆ ಇಟ್ಟರು. ಬೆಳಗ್ಗೆಯಿಂದ ನನಗೆ ಹನಿ ನೀರು ಕೊಡುವಂತಿಲ್ಲ. ಆಗಾಗ ತೂಕ ನೋಡುವುದು, ಬುರುಡೆ ಬಿಡುವುದು. ಬಾಗಿಲು ಕಾಯಲು ನರ್ಸನ್ನು ಕೂರಿಸುತ್ತೇನೆ ಅಂದರೆ ಅತ್ತೆ ಬಿಡಲಿಲ್ಲ. "ನಾನ್ ಕಾಯ್ತೀನಿ ಸಾ. ನನ್ ಕಣ್ತಪ್ಸಿ ಇವ್ಳು ಎಂಜ್ಲೂ ನುಂಗಕ್ಕಾಗಲ್ಲ."

ಮಧ್ಯಾಹ್ನದ ಹೊತ್ತಿಗೆ ನನ್ನ ತುಟಿ ಒಡೆಯಿತು. ಮೊಗಸಾಲೆಯಲ್ಲಿ ಒಂದು ಹೂಕುಂಡ ಇತ್ತು. ಆಗ ತಾನೇ ಯಾರೋ ಅದಕ್ಕೆ ನೀರು ಹಾಕಿ ಹೋಗಿದ್ದರು, ಅಡಿಯ ತಟ್ಟೆಯಲ್ಲಿ ಕೆಂಪು ನೀರು ನಿಂತಿತ್ತು. ನಾನು ಅದನ್ನು ನೋಡಿದ್ದನ್ನು ಅತ್ತೆ ನೋಡಿದರು. ಎದ್ದು ಹೋಗಿ ಕುಂಡವನ್ನು ಎತ್ತಿ ಆ ಮೂಲೆಗಿಟ್ಟು ಬಂದರು. ಅಷ್ಟು ಒಣಗಿದ್ದರೂ ನನ್ನ ಉಚ್ಚೆ ನಿಲ್ಲಲಿಲ್ಲ, ಬುರುಡೆ ನೀರಿನಲ್ಲಿ ಮುಳುಗಿದ ಹಾಗೆಯೇ ಮುಳುಗುತ್ತಿತ್ತು. ಆಗ ಡಾಕ್ಟರು ಒಂದು ಸಣ್ಣ ಸೀಸೆ ತಂದರು. ಅದರಲ್ಲಿ ಬೂದು ಬಣ್ಣದ ಪುಡಿ. ಚಿಟಿಕೆ ತೆಗೆದು ಮೂಗಿಗೆ ಏರಿಸು ಅಂದರು.

"ನಶ್ಯ!" ಅಂದರು ಅತ್ತೆ.

"ಮದ್ದು. ನೀವು ಬಿಸಾಕೋ ಆ ಕಾಳಿದೆಯಲ್ಲ, ಅದನ್ನೇ ಒಣಗಿಸಿ ಪುಡಿ ಮಾಡಿರೋದು. ಇವಳ ತಲೆಯಿಂದ ಬಾರದ ರಸ ಇದರಲ್ಲಿದೆ. ಹೊಟ್ಟೆಗೆ ತಿಂದರೆ ಕರಗಿ ವ್ಯರ್ಥವಾಗುತ್ತೆ, ಮೂಗಿಗೇ ಏರಿಸಬೇಕು."

"ಯಾವ್ ಪ್ರಾಣೀದು ಸಾ?"

ಡಾಕ್ಟರು ಕಿಟಕಿಯ ಕಡೆ ನೋಡಿದರು. "ಪರದೇಶದ ಪ್ರಾಣಿ."

ದನದ್ದೋ ಹಂದಿಯದೋ ಅಂತ ನನಗೆ ಅನುಮಾನ ಬಂತು. ಆದರೆ ಬಾಯಿ ಒಣಗಿದವಳು ಯಾವ ಪ್ರಾಣಿ ಅಂತ ಕೇಳುವುದಿಲ್ಲ. ಏರಿಸಿದೆ. ಸಂಜೆಯ ಹೊತ್ತಿಗೆ ಉಚ್ಚೆ ಹಳದಿಯಾಗಿ ಸ್ವಲ್ಪವೇ ಬಂತು, ಬುರುಡೆ ಮೇಲೆದ್ದು ತೇಲಿತು. ನೀರು ಕೊಟ್ಟರು. ಕುಡಿದೆ. ಅಷ್ಟು ದಿನವಾದ ಮೇಲೆ ಕುಡಿದ ನೀರು ಒಳಗೇ ನಿಂತಿತು. ಡಾಕ್ಟರು ನನ್ನ ಕೈಗೆ ಸೀಸೆ ಕೊಟ್ಟರು, ತೊಟ್ಟು ಕೂಡಿಕೊಂಡರೂ ಕೂಡಿಕೊಳ್ಳಬಹುದು, ಅಲ್ಲಿವರೆಗೂ ಬಿಡಬೇಡ, ಆದರೆ ಒಂದು ಚಿಟಿಕೆ ಮೀರಿದರೆ ಹೊಟ್ಟೆ ಕೆಡುತ್ತದೆ ಅಂದರು. ಅವರ ಮಾತಿನಂತೆಯೇ ಅದು ಕೂಡಿಕೊಂಡಿತು, ಯುಗಾದಿ ಹೊತ್ತಿಗೆ ಪುಡಿ ಬಿಟ್ಟೆ. ಅದು ಆಮೇಲಿನ ಮಾತು.

ವಾಪಸು ಬರುವಾಗ ಬಸ್ಸು ಯಾವ ಮರಕ್ಕೂ ನಿಲ್ಲಲಿಲ್ಲ. ಆದರೂ ಅತ್ತೆ ದುದ್ದದಲ್ಲಿ ಇಳಿದು ನಡೆಯುತ್ತಾ ತಮ್ಮ ತೀರ್ಮಾನ ಹೇಳಿದರು. "ಬೆಳಗಿಂದ ನೀರ್ ಕೊಡ್ದೆ ಕೂಡಾಕಿದ್ರೆ ಯಾರ್ದು ತಾನೇ ನಿಲ್ಲಲ್ಲ? ಒಳಗಿದ್ದದ್ದೆಲ್ಲ ಖಾಲಿಯಾಯ್ತು, ನಿಂತ್ಕೊಂತು. ಪುಡಿ ಏರ್ಸಿದ್ದಕ್ಕೆ ಅಂತ ಹೆಸ್ರು. ನಾನೂ ಇಷ್ಟ್ ವರ್ಷದಿಂದ ನಶ್ಯ ಏರ್ಸ್ತಿದೀನಿ, ನನ್ ಉಚ್ಚೆ ನಿಂತದಾ? ನಾಳೆ ನಿಮ್ಮಪ್ಪ ಬರ್ಲಿ, ಓಗು."

ಮನೆಗೆ ಬಂದು ಮಗನಿಗೂ ಇದನ್ನೇ ಹೇಳಿದರು. ಅವರ ಮಾತಿನಲ್ಲಿ ನ್ಯಾಯ ಇದೆ ಅಂತ ನನಗೂ ಅನ್ನಿಸಿತು. ರಾತ್ರಿ ಬಟ್ಟೆ ಗಂಟು ಕಟ್ಟಿಟ್ಟೆ.

ಮಾರನೇ ದಿನ ಹೊತ್ತೇರುವಾಗ ಅಪ್ಪ ಬಂದರು. ಜಗಲಿಯ ಮೇಲೆ ಕೂತು, ಮಜ್ಜಿಗೆ ಚೊಂಬು ಕೈಲಿ ಹಿಡಿದುಕೊಂಡು, ಕುಡಿಯದೆ ನನ್ನ ಗಂಟನ್ನು ನೋಡುತ್ತಿದ್ದರು. ಅತ್ತೆಗೆ ಬೀಗರ ಜೊತೆ ಮಾತಾಡುವಾಗ ನಶ್ಯ ಇಲ್ಲದೆ ಆಗುವುದಿಲ್ಲವಲ್ಲ. ಡಬ್ಬಿ ತೆರೆದರು, ಖಾಲಿ. ಆಸ್ಪತ್ರೆಯಲ್ಲಿ ಕಾವಲು ಕಾಯುತ್ತಾ ಎಲ್ಲ ಮುಗಿಸಿದ್ದರು. ಒಳಗೆ ಬಂದರು. ಗೋಡೆಯ ಗೂಡಿನಲ್ಲಿ ನನ್ನ ಸೀಸೆ ಇತ್ತು.

"ಅತ್ತೆ, ಅದು ಮದ್ದು" ಅಂದೆ.

"ಮದ್ದಂತೆ. ನಶ್ಯ ಯಾವ್ದು ಮದ್ದು ಯಾವ್ದು ನಂಗೊತ್ತಿಲ್ವಾ?" ಎರಡೂ ಹೊಳ್ಳೆಗೆ ಏರಿಸಿದರು. ಕಾದರು. "ಗಾಟೇ ಇಲ್ಲ. ಪರದೇಶದೋರ್ಗೆ ನಶ್ಯ ಮಾಡಕ್ಕೂ ಬರಲ್ಲ." ಗಾಟು ಬರಲಿ ಅಂತ ಇನ್ನೊಂದು ಸಲ, ದೊಡ್ಡ ಚಿಟಿಕೆ.

ಆಮೇಲೆ ಹೊರಗೆ ಹೋಗಿ ಅಪ್ಪನಿಗೆ ನನ್ನ ಕಥೆ ಹೇಳತೊಡಗಿದರು. ಹೇಳುತ್ತಾ ತಾವೂ ಮಜ್ಜಿಗೆ ಕುಡಿದರು, ಊಟದಲ್ಲಿ ಮುದ್ದೆ, ಉಪ್ಪೆಸರು ಆದ ಮೇಲೆ ಮತ್ತೆ ಮಜ್ಜಿಗೆ. ಊಟವಾದ ಸ್ವಲ್ಪ ಹೊತ್ತಿಗೆ ಅವರ ಮಾತು ನಿಂತಿತು. ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಯಿತು. ಹೊಟ್ಟೆ ಹಿಡಿದುಕೊಂಡು ಹಿತ್ತಲಿಗೆ ಓಡಿದರು. ಬಂದರು. ಮತ್ತೆ ಓಡಿದರು. ಮೂರನೇ ಸಲ ಬಂದು ಕಂಬಕ್ಕೆ ಒರಗಿ ನನ್ನನ್ನು ಕರೆದರು.

"ಲೇ ಅಮ್ಮಿ, ಅದೊಂದು ಓಗ್ತದೆ, ಇದು ಬತ್ತಿಲ್ಲ."

"ಯಾವ್ದು ಅತ್ತೆ?"

"ಯಾವ್ದು ಅಂತ ಬೀಗ್ರ ಮುಂದೆ ಕೂಗಿ ಹೇಳ್ಲಾ? ಬೆಳಗ್ಗೆಯಿಂದ ಒಂದ್ ಹನಿ ಇಲ್ಲ ಕಣ. ಕುಡಿದಿದ್ದು ಮಜ್ಜಿಗೆನೋ ಕಲ್ಲೋ?"

ಗಂಡ ಹೊಲದಿಂದ ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಸೀಸೆ ನೋಡಿದರು, ತಾಯಿಯ ಮೂಗು ನೋಡಿದರು. ಅಂಚಿನಲ್ಲಿ ಬೂದು ಪುಡಿ ಮೆತ್ತಿತ್ತು. "ಅವ್ವ, ನೀರ್ ಕೊಡ್ದೆ ಕೂಡಾಕಿದ್ರೆ ಯಾರ್ದು ತಾನೇ ನಿಲ್ಲಲ್ಲ ಅಂದಿದ್ದೆ. ನಿಂಗೆ ಯಾರು ಕೂಡಾಕಿದ್ರು?"

ಅತ್ತೆ ಜಗಲಿಯ ಮೇಲೆ ಕಾಲು ಚಾಚಿ ಕೂತರು, ಆಮೇಲೆ ಏನನ್ನೂ ಕುಡಿಯಲಿಲ್ಲ. ಬೈಗಾಗುತ್ತಿದ್ದ ಹಾಗೆ ಎದ್ದು ಹಿತ್ತಲಿಗೆ ಹೋಗಿ ಬಂದರು. ಬಂದವರ ಮುಖದಲ್ಲಿ ಬಣ್ಣ ಬಂದಿತ್ತು.

"ಬೀಗ್ರೆ" ಅಂದರು ಅಪ್ಪನಿಗೆ. "ಬಂದಿದ್ದೀರಿ, ಇದ್ದು ಊಟ ಮಾಡಿ ಮಲ್ಕೊಳಿ. ಬೆಳಿಗ್ಗೆ ಒಬ್ರೇ ಓಗಿ."

ಅಪ್ಪ ಗಂಟಿನ ಕಡೆ ಕೈ ತೋರಿಸಿದರು. "ಮತ್ತೆ ಬೀಗಿತ್ರೆ, ಹೇಳಿಕಳ್ಸಿದ್ರಿ..."

"ಹೇಳಿಕಳ್ಸಿದ್ದೆ. ಇವ್ಳು ಕೊಬ್ಬಿಗೆ ಕುಡೀತಾಳೆ ಅಂದ್ಕೊಂಡಿದ್ದೆ. ಮೂರ್ ಚೊಂಬು ಮಜ್ಜಿಗೆ ಕುಡ್ದಿರೋ ನನ್ ತೂಬೇ ಮುಚ್ಚೋ ಪುಡಿ, ಇವ್ಳದ್ದು ಮುಚ್ಚಲ್ವಾ? ನನ್ ಮಗ ಕೆಡವಿದ್ದು, ನನ್ ಮನೇಲೇ ವಾಸಿಯಾಗ್ಲಿ." ನನ್ನ ಕಡೆ ತಿರುಗಿ, "ಆ ಗಂಟು ಬಿಚ್ಚು, ನಿನ್ ಎಮ್ಮೆ ಕೂಗ್ತಾ ಅದೆ" ಅಂದರು.

ಬೆಳಗ್ಗೆ ಕೊಟ್ಟ ಮಜ್ಜಿಗೆಯನ್ನು ಅಪ್ಪ ಕುಡಿಯದೆ ಹಾಗೇ ಇಟ್ಟಿದ್ದರು. ಈಗ ಚೊಂಬು ಕೇಳಿ ತೆಗೆದುಕೊಂಡು ಒಂದೇ ಸಲಕ್ಕೆ ಮುಗಿಸಿದರು. ನಾನು ಹಾಲು ಕರೆದು ಬಂದು ಗಂಟು ಬಿಚ್ಚಿದೆ.

ಮಾರನೇ ದಿನ ಬೆಳಗ್ಗೆ ಅಪ್ಪ ಒಬ್ಬರೇ ಹೊರಟರು. ನಾನು ಒಂದು ಚಿಟಿಕೆ ಏರಿಸಿ, ಸೀನಿ, ಸೀಸೆಯನ್ನು ಅತ್ತೆಯ ಕೈಗೆ ಎಟುಕದ ಹಾಗೆ ಅಟ್ಟದ ಮೇಲಿಟ್ಟೆ. ಬಿಂದಿಗೆಯನ್ನು ಬಚ್ಚಲಲ್ಲೇ ಬಿಟ್ಟು, ಎಲ್ಲರ ಹಾಗೆ ಬುತ್ತಿ ಹೊತ್ತುಕೊಂಡು ಕಳೆ ಕೀಳಲು ಹೋದೆ.